ಹಸುವಿನ ಕಣ್ಣು ತೋರಿಸಿದಿರಿ, ನಿಮ್ಮ ಕಣ್ಣು?



ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಒಂದು ಹಳ್ಳಿಯ ಮಹಿಳಾ ಸಂಘದ ಮುಂದೆ ನಿಂತಿದ್ದೆ. ಹಾಲು ಹಾಕಲು ಸಾಲಿನಲ್ಲಿದ್ದ ಒಬ್ಬ ಅಕ್ಕ ಕ್ಯಾನು ಕೆಳಗಿಟ್ಟು ನನ್ನ ಬಳಿ ಬಂದರು. "ಡಾಕ್ಟ್ರಮ್ಮ, ನಮ್ಮ ಸೀಮೆ ಹಸಿನ ಕಣ್ಣಲ್ಲಿ ಕಡ್ಲೆಕಾಳಿನಷ್ಟು ಮಾಂಸ ಬೆಳ್ದದೆ. ಒಂದು ವಾರದಿಂದ ನೀರು ಸುರೀತಾನೇ ಅದೆ. ಇವತ್ತೇ ಬಂದು ನೋಡಿ" ಎಂದರು. ಮಾತಾಡುವಾಗ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಅವರ ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಒಂದು ಕೆಂಪು ಮಾಂಸದ ಪರೆ ಹೊರಟು, ಕರಿಗುಡ್ಡೆಯ ಮೇಲೆ ಅರ್ಧ ದಾರಿ ಹತ್ತಿತ್ತು.

"ಅಕ್ಕ, ನಿಮ್ಮ ಕಣ್ಣಲ್ಲೂ ಇದೆಯಲ್ಲ?" ಎಂದೆ.

"ಅಯ್ಯೋ, ಅದು ನಮ್ಮ ಚಿಕ್ಕ ಮಗಳು ಹುಟ್ಟಿದಾಗಿನಿಂದ ಅದೆ. ನಂದೇನು ಬಿಡಿ, ಮೊದ್ಲು ಹಸಿಂದು ನೋಡಿ."

ಹಸುವಿನ ಕಣ್ಣಿನ ಒಂದು ವಾರದ ಮಾಂಸಕ್ಕೆ ಅಷ್ಟು ಅವಸರ, ತಮ್ಮ ಕಣ್ಣಿನ ಹತ್ತಾರು ವರ್ಷದ ಮಾಂಸಕ್ಕೆ "ಬಿಡಿ". ಈ ಮಾತನ್ನು ನಾನು ಎಷ್ಟೋ ಹಳ್ಳಿಗಳಲ್ಲಿ ಕೇಳಿದ್ದೇನೆ. ಅದಕ್ಕೇ ಈ ತಿಂಗಳು ಕೆಚ್ಚಲು ಬಾವು, ಹಸಿರು ಮೇವು ಎರಡನ್ನೂ ಬದಿಗಿಟ್ಟು ಕಣ್ಣಿನ ಮಾತು ಬರೆಯುತ್ತಿದ್ದೇನೆ. ಕಣ್ಣಿನ ಮೇಲೆ ಬೆಳೆದ ಮಾಂಸವನ್ನು ಆಪರೇಷನ್ ಮಾಡಿ ತೆಗೆದರೆ ದೃಷ್ಟಿ ಸರಿಹೋಗುತ್ತದೆಯೇ ಎಂದು ಹಸುವಿನ ಬಗ್ಗೆಯೂ ಕೇಳುತ್ತೀರಿ, ನಿಮ್ಮ ಬಗ್ಗೆಯೂ ಕೇಳುತ್ತೀರಿ. ನನ್ನ ಉತ್ತರ ಎರಡಕ್ಕೂ ಒಂದೇ. ಆಪರೇಷನ್ ಉಳಿದಿರುವ ದೃಷ್ಟಿಯನ್ನು ಚೆನ್ನಾಗಿ ಕಾಪಾಡುತ್ತದೆ, ಕಳೆದದ್ದನ್ನೆಲ್ಲ ವಾಪಸು ತಂದುಕೊಡುವುದಿಲ್ಲ. ಎಷ್ಟು ಉಳಿಯುತ್ತದೆ ಎನ್ನುವುದು ಡಾಕ್ಟರ ಕೈಚಳಕಕ್ಕಿಂತ ಹೆಚ್ಚಾಗಿ, ನಾವು ಯಾವಾಗ ತೋರಿಸಿದೆವು ಎನ್ನುವುದರ ಮೇಲೆ ನಿಂತಿದೆ.

ಹಸುವಿನ ಕಣ್ಣಿನ ಮಾಂಸ

ಆ ಅಕ್ಕನ ಹಸು ಎಚ್‌ಎಫ್ ತಳಿಯದು, ಮುಖದಲ್ಲಿ ಬಿಳಿಯೇ ಹೆಚ್ಚು. ರೆಪ್ಪೆಯ ಅಂಚು ಕಪ್ಪಾಗಿರದೆ ಗುಲಾಬಿ ಬಣ್ಣವಿತ್ತು. ಇಂಥ ರಾಸುಗಳ ಕಣ್ಣಿಗೆ ಬಿಸಿಲಿನ ಪೆಟ್ಟು ಹೆಚ್ಚು. ರೆಪ್ಪೆಯ ಕಪ್ಪು ಬಣ್ಣ ಒಂದು ಕೊಡೆಯಿದ್ದ ಹಾಗೆ, ಇವಕ್ಕೆ ಆ ಕೊಡೆಯೇ ಇಲ್ಲ. ನಮ್ಮ ಹಳ್ಳಿಕಾರ್ ಹಸುಗಳ ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪಿರುವುದು ನಿಮಗೆ ಗೊತ್ತು, ಅವಕ್ಕೆ ಈ ತೊಂದರೆ ಕಡಿಮೆ. ವರ್ಷಗಟ್ಟಲೆ ಬಿಸಿಲು ತಿಂದ ಬಿಳಿಮುಖದ ಹಸುವಿಗೆ ವಯಸ್ಸಾಗುತ್ತ ಬಂದಂತೆ ಕಣ್ಣಿನಲ್ಲಿ ಮಾಂಸ ಬೆಳೆದರೆ, ಅದು ಕ್ಯಾನ್ಸರ್ ಆಗಿರಬಹುದು.

ಇದು ಸಾಮಾನ್ಯವಾಗಿ ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ. ಮೂಗಿನ ಕಡೆಯ ಮೂಲೆಯಲ್ಲಿರುವ ಮೂರನೇ ರೆಪ್ಪೆ, ಕೆಳಗಿನ ರೆಪ್ಪೆ, ಬಿಳಿಗುಡ್ಡೆ ಕರಿಗುಡ್ಡೆ ಕೂಡುವ ಗಡಿ, ಮತ್ತು ಕರಿಗುಡ್ಡೆಯ ಮೇಲೆಯೇ. ಮೊದಲು ಬಿಳಿ ಚುಕ್ಕೆ ಅಥವಾ ಸಣ್ಣ ನರುಳ್ಳೆಯಂತೆ ಇರುತ್ತದೆ, ಆಮೇಲೆ ಹೂಕೋಸಿನಂತೆ ಒಡೆದುಕೊಂಡು ಬೆಳೆಯುತ್ತದೆ. ಮುಟ್ಟಿದರೆ ರಕ್ತ ಬರುತ್ತದೆ, ನೊಣ ಮುತ್ತುತ್ತದೆ.

ಆ ಅಕ್ಕನ ಹಸುವಿಗೆ ಮಾಂಸ ಇದ್ದದ್ದು ಮೂರನೇ ರೆಪ್ಪೆಯ ಅಂಚಿನಲ್ಲಿ. ಮಾರನೆಯ ದಿನ ಅವರ ಕೊಟ್ಟಿಗೆಯಲ್ಲೇ ಹಸುವನ್ನು ಕಟ್ಟಿ, ಕಣ್ಣಿನ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆ ರೆಪ್ಪೆಯನ್ನು ತೆಗೆದೆ. ಒಂದು ಗಂಟೆಯೊಳಗೆ ಮುಗಿಯಿತು. ಸಂಜೆ ಹಸು ಎಂದಿನಂತೆ ಹಿಂಡಿ ತಿಂದು ಹಾಲು ಕೊಟ್ಟಿತು. ಇಂಜೆಕ್ಷನ್ ಔಷಧದ ದಿನಗಳು ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬೇಡಿ ಎಂದು ಹೇಳಿದ್ದೆ, ಅವರು ಹಾಕಲಿಲ್ಲ.

ಇನ್ನೊಂದು ಊರಿನ ಕಥೆ ಹೀಗಾಗಲಿಲ್ಲ. ಅಲ್ಲಿ ಕೆಳರೆಪ್ಪೆಯ ಮೇಲಿನ ಗುಳ್ಳೆಗೆ ಒಂದು ವರ್ಷ ಹೊಗೆಸೊಪ್ಪು ಅಗಿದು ಉಗುಳಿದ್ದರು, ಉಪ್ಪುನೀರು ಎರಚಿದ್ದರು. ನನ್ನನ್ನು ಕರೆಸಿದಾಗ ಮಾಂಸ ನಿಂಬೆಹಣ್ಣಿನ ಗಾತ್ರವಾಗಿ ಹುಳು ಬಿದ್ದಿತ್ತು. ಕಿವಿಯ ಕೆಳಗಿನ ಗಂಟು ಊದಿತ್ತು. ಆ ಗಂಟು ಊದಿದೆ ಎಂದರೆ ರೋಗ ಕಣ್ಣು ದಾಟಿರಬಹುದು ಎಂದೇ ಅರ್ಥ. ಕಣ್ಣನ್ನೇ ತೆಗೆಯಬೇಕಾಯಿತು. ಆದರೂ ಕೆಲವು ತಿಂಗಳಲ್ಲಿ ಮತ್ತೆ ಗಂಟು ಬೆಳೆದು ಹಸು ಸೊರಗಿ ಸತ್ತಿತು. ಎರಡು ಹೊತ್ತಿಗೆ ಹದಿನಾಲ್ಕು ಲೀಟರ್ ಕರೆಯುತ್ತಿದ್ದ ಹಸು. ಆ ಮನೆಯ ತಾಯಿ "ನಾಕು ದಿನ ನೋಡಣ, ತಾನೇ ಹೋಯ್ತದೆ ಅಂದ್ಕಂಡೆ" ಎಂದು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಹೊಗೆಸೊಪ್ಪಿನ ಮೇಲೆ ಇದೆ. ಉರಿಯುವ ಕಣ್ಣಿಗೆ ಉರಿಯುವ ರಸ ಹಾಕಿದರೆ ಕರಿಗುಡ್ಡೆ ಸುಟ್ಟು ಹುಣ್ಣಾಗುತ್ತದೆ. ಇದ್ದ ದೃಷ್ಟಿಯೂ ಹೋಗುತ್ತದೆ, ಒಂದು ವರ್ಷ ಸುಮ್ಮನೆ ಕಳೆಯುತ್ತದೆ.

ಆಪರೇಷನ್ ಆದಮೇಲೆ ಹಸುವಿಗೆ ಎಷ್ಟು ಕಾಣುತ್ತದೆ?

ಮೂರನೇ ರೆಪ್ಪೆಯನ್ನು ತೆಗೆದರೆ ದೃಷ್ಟಿಗೆ ಏನೂ ಕೊರತೆಯಾಗುವುದಿಲ್ಲ, ಏಕೆಂದರೆ ಆ ರೆಪ್ಪೆ ನೋಡುವ ಕೆಲಸ ಮಾಡುವುದಿಲ್ಲ. ಅದು ಕಣ್ಣೀರನ್ನು ಸವರಿ ಧೂಳನ್ನು ಒರೆಸುವ ಕೆಲಸ ಮಾಡುತ್ತದೆ. ಆದ್ದರಿಂದ ಅಂಥ ಹಸುವನ್ನು ಆಮೇಲೆ ಧೂಳು, ಒಣ ಹೊಟ್ಟಿನಿಂದ ಸ್ವಲ್ಪ ದೂರ ಇಡಬೇಕು.

ಕರಿಗುಡ್ಡೆಯ ಮೇಲೆಯೇ ಬೆಳೆದ ಮಾಂಸವನ್ನು ಕೆರೆದು ತೆಗೆದರೆ ಆ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕಲೆ ಅಂಚಿನಲ್ಲಿದ್ದರೆ ಹಸುವಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ನಟ್ಟನಡುವೆ ಇದ್ದರೆ ಹೊಗೆ ಹಿಡಿದ ಗಾಜಿನಲ್ಲಿ ನೋಡಿದಂತೆ ಮಸುಕಾಗಿ ಕಾಣುತ್ತದೆ. "ಆಪರೇಷನ್ ಮಾಡಿಸಿದರೂ ಬಿಳಿ ಹಾಗೇ ಇದೆ" ಎಂದು ಹಲವರು ಬೇಜಾರು ಮಾಡಿಕೊಳ್ಳುತ್ತಾರೆ. ಆ ಬಿಳಿ ವಾಸಿಯಾದ ಗಾಯದ ಕಲೆ. ರೋಗವೆಂದರೆ ಮತ್ತೆ ಉಬ್ಬಿ ಬೆಳೆಯುವುದು. ಎರಡನ್ನೂ ಗುರುತಿಸಲು ತಿಂಗಳಿಗೊಮ್ಮೆ ಬೆಳಕಿನಲ್ಲಿ ಆ ಕಣ್ಣನ್ನು ನೋಡಿ.

ಹುಟ್ಟುವಾಗಲೇ ಕಣ್ಣಿನ ಮೇಲೆ ಚರ್ಮದ ತುಂಡು, ಅದರ ಮೇಲೆ ಕೂದಲು ಇರುವ ಕರುಗಳನ್ನೂ ನೀವು ನೋಡಿರಬಹುದು. ಇದು ಶಾಪವೂ ಅಲ್ಲ, ಗ್ರಹಣದ ದೋಷವೂ ಅಲ್ಲ. ಹೊಟ್ಟೆಯೊಳಗೆ ಕರು ಬೆಳೆಯುವಾಗ ಚರ್ಮ ಬರಬಾರದ ಕಡೆ ಬಂದಿರುತ್ತದೆ, ಅಷ್ಟೇ. ಕೂದಲು ಕಣ್ಣನ್ನು ಉಜ್ಜಿ ಸದಾ ನೀರು ಬರುತ್ತದೆ. ಎಳೆಯ ಕರುವಿನಲ್ಲೇ ತೆಗೆದರೆ ಆ ಕಡಸು ಮುಂದೆ ಚೆನ್ನಾಗಿ ನೋಡಬಲ್ಲದು.

ಕಣ್ಣನ್ನೇ ತೆಗೆಯಬೇಕಾದ ಹಸುವನ್ನು ಮಾರಿಬಿಡುವ ಅವಸರ ಬೇಡ. ಹಸುವಿನ ಕಣ್ಣುಗಳು ತಲೆಯ ಎರಡು ಬದಿಗಿವೆ. ಒಂದೊಂದು ಕಣ್ಣೂ ತನ್ನ ಬದಿಯನ್ನು ಹೆಚ್ಚುಕಡಿಮೆ ಪೂರ್ತಿ ನೋಡುತ್ತದೆ. ಒಂದು ಹೋದರೆ ಆ ಬದಿ ಕತ್ತಲು, ಇನ್ನೊಂದು ಬದಿ ಮೊದಲಿನಂತೆಯೇ. ಕಾಣದ ಬದಿಯಿಂದ ಹೋಗುವಾಗ ಹೆಸರು ಹಿಡಿದು ಕರೆದು ಹೋಗಿ, ಇಲ್ಲದಿದ್ದರೆ ಬೆಚ್ಚಿ ಒದೆಯುತ್ತದೆ. ಕಾಣದ ಬದಿಗೆ ಗೋಡೆ ಬರುವಂತೆ ಕಟ್ಟಿ. ಕರು ಹಾಕಿದಾಗ ಕರುವನ್ನು ಕಾಣುವ ಬದಿಗೆ ಬಿಡಿ. ಇಷ್ಟು ನೋಡಿಕೊಂಡರೆ ಒಕ್ಕಣ್ಣಿನ ಹಸು ಇನ್ನೂ ಹಲವು ಸೂಲು ಕರೆಯುತ್ತದೆ.

ನನ್ನ ಅಮ್ಮನ ಕಣ್ಣು

ಇಷ್ಟೆಲ್ಲ ಬುದ್ಧಿ ಹೇಳುವ ನಾನು ನನ್ನ ಮನೆಯಲ್ಲಿ ಏನು ಮಾಡಿದೆ ಎಂಬುದನ್ನೂ ಹೇಳಬೇಕು.

ನನ್ನ ಅಮ್ಮ ಎರಡು ಹಸು ಕಟ್ಟಿ, ಸಂಘಕ್ಕೆ ಹಾಲು ಹಾಕಿ ನನ್ನನ್ನು ಓದಿಸಿದವರು. ಅವರ ಎಡಗಣ್ಣಿನಲ್ಲಿ ಮಾಂಸ ಇದ್ದದ್ದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ್ದರಿಂದ ಅದು ಅವರ ಮುಖದ ಒಂದು ಗುರುತು ಎನ್ನುವಷ್ಟು ಅಭ್ಯಾಸವಾಗಿತ್ತು. ಐದಾರು ವರ್ಷದ ಹಿಂದೆ ಅವರು, "ರಾತ್ರಿ ಬಸ್ಸಿನ ಲೈಟು ಚೂರುಚೂರಾಗಿ ಕಾಣ್ತದೆ ಕಣೆ, ಸೂಜಿಗೆ ದಾರ ಪೋಣ್ಸಕ್ಕಾಗ್ತಿಲ್ಲ" ಎಂದರು. ವಯಸ್ಸಾಯಿತಲ್ಲ ಎಂದುಕೊಂಡು ಕನ್ನಡಕ ಕೊಡಿಸಿದೆ. ಒಂದು ವರ್ಷ ಕಳೆದು ಅದು ಸರಿಯಿಲ್ಲವೆಂದರು, ಇನ್ನೊಂದು ಕೊಡಿಸಿದೆ. ದಿನಕ್ಕೆ ಹತ್ತು ರಾಸುಗಳ ರೆಪ್ಪೆ ಬಿಡಿಸಿ ನೋಡುವ ನಾನು ಅಮ್ಮನ ರೆಪ್ಪೆ ಬಿಡಿಸಿ ನೋಡಲಿಲ್ಲ. ಕೊನೆಗೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಮಾಂಸ ಪಾಪೆಯ ಅಂಚು ಮುಟ್ಟಿತ್ತು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂಥ ಒಂದು ತಿಳಿಯಾದ ಪೊರೆ ಇದೆ. ಅದು ಎಲ್ಲ ಕಡೆ ಒಂದೇ ಸಮನೆ ದುಂಡಾಗಿದ್ದರೆ ನೋಟ ಚೊಕ್ಕ. ಮಾಂಸ ಅದರ ಮೇಲೆ ಹತ್ತುತ್ತ ಒಂದು ಕಡೆಗೆ ಚಪ್ಪಟೆ ಮಾಡುತ್ತದೆ. ಸೊಟ್ಟಗಾದ ಕನ್ನಡಿಯಲ್ಲಿ ಮುಖ ನೋಡಿದಂತೆ ಎಲ್ಲ ಎಳೆದಂತೆ, ನೆರಳು ಕೂಡಿದಂತೆ ಕಾಣುತ್ತದೆ. ಮಾಂಸ ಇನ್ನೂ ಪಾಪೆಯಿಂದ ದೂರವಿರುವಾಗಲೇ ಹೀಗಾಗಬಹುದು. ಅದು ಪಾಪೆಗೇ ಬಂದರೆ ಬೆಳಕಿಗೇ ಅಡ್ಡ.

ಅಮ್ಮನಿಗೆ ಆಪರೇಷನ್ ಆಯಿತು. ಕಣ್ಣಿಗೆ ಮಾತ್ರ ಇಂಜೆಕ್ಷನ್ ಕೊಟ್ಟು ಮಾಂಸ ಬಿಡಿಸಿದರು. ಅದೇ ಕಣ್ಣಿನ ಮೇಲ್ರೆಪ್ಪೆಯ ಕೆಳಗಿನಿಂದ ತೆಳುವಾದ ಪರೆ ತೆಗೆದು ಖಾಲಿ ಜಾಗಕ್ಕೆ ಅಂಟಿಸಿದರು. ಅವತ್ತೇ ಸಂಜೆ ಮನೆಗೆ ಬಂದೆವು. ಮೊದಲ ವಾರ ಚುಚ್ಚು, ನೀರು, ಕೆಂಪು. ಎರಡು ತಿಂಗಳಾದಮೇಲೆ ಹೊಸ ನಂಬರಿನ ಕನ್ನಡಕ ಹಾಕಿಸಿದರು. ಈಗ ಅಮ್ಮ ಹಾಲಿನ ಚೀಟಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ತಾವೇ ಓದುತ್ತಾರೆ. ಆದರೆ ಮಾಂಸ ತೆಗೆದ ಜಾಗದಲ್ಲಿ ತೆಳುವಾದ ಕಲೆ ಉಳಿದಿದೆ. ರಾತ್ರಿಯ ಬೆಳಕು ಆ ಕಣ್ಣಿಗೆ ಈಗಲೂ ಸ್ವಲ್ಪ ಚೆದುರುತ್ತದೆ. "ಮೊದಲೇ ಬಂದಿದ್ದರೆ ಕಲೆ ಪಾಪೆಯಿಂದ ದೂರವೇ ನಿಲ್ಲುತ್ತಿತ್ತು" ಎಂದರು ಡಾಕ್ಟರು. ಆ ಮಾತು ಅವರು ಅಮ್ಮನಿಗೆ ಹೇಳಿದ್ದಲ್ಲ, ನನಗೆ ಹೇಳಿದ್ದು ಎಂದೇ ನಾನು ತಿಳಿದುಕೊಂಡಿದ್ದೇನೆ.

ಪೊರೆ ಬೇರೆ, ದುರ್ಮಾಂಸ ಬೇರೆ

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆದದ್ದನ್ನು ನೀವು ಕೇಳಿರುತ್ತೀರಿ. ಕಣ್ಣಿನ ಆಪರೇಷನ್ ಎಂದರೆ ಕತ್ತಲು ಹೋಗಿ ಬೆಳಕು ಬರುವುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದ್ದು ಅಂಥ ಶಿಬಿರಗಳಿಂದ. ಅದು ಒಳ್ಳೆಯ ನಂಬಿಕೆ. ಆದರೆ ಪೊರೆ ಎಂದರೆ ಕಣ್ಣಿನ ಒಳಗಿನ ಲೆನ್ಸ್ ಮಂಜಾಗುವುದು, ಅದನ್ನು ತೆಗೆದು ಹೊಸದು ಇಡುತ್ತಾರೆ. ದುರ್ಮಾಂಸ ಕಣ್ಣಿನ ಹೊರಗೆ ಬೆಳೆಯುವಂಥದ್ದು. ಅದನ್ನು ತೆಗೆಯಬಹುದು, ಆದರೆ ಅದು ಕೂತಿದ್ದ ಗಾಜನ್ನು ಬದಲಾಯಿಸುವುದಿಲ್ಲ. ಆದ್ದರಿಂದ ಪಕ್ಕದ ಮನೆಯ ಅಜ್ಜಿಗೆ ಪೊರೆ ತೆಗೆದ ಮರುದಿನವೇ ಎಲ್ಲ ಕಂಡಿತು, ನನಗೆ ಏಕಿಲ್ಲ ಎಂದು ಹೋಲಿಸಬೇಡಿ.

ಕೆಲವರಿಗೆ ಎರಡೂ ಇರುತ್ತದೆ. ಆಗ ಸಾಮಾನ್ಯವಾಗಿ ಮಾಂಸವನ್ನು ಮೊದಲು ತೆಗೆದು, ಕಣ್ಣಿನ ನಂಬರು ಒಂದು ಹದಕ್ಕೆ ನಿಂತ ಮೇಲೆ ಪೊರೆಯ ಆಪರೇಷನ್ ಮಾಡುತ್ತಾರೆ. ಸೊಟ್ಟಗಿದ್ದ ಕಣ್ಣಿನ ಅಳತೆ ಹಿಡಿದು ಲೆನ್ಸ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಎರಡು ಸಲ ಓಡಾಡಿಸುತ್ತಾರೆ ಎಂದು ಬೇಸರ ಬೇಡ.

ಇನ್ನೊಂದು ಭಯ: "ತೆಗೆಸಿದರೂ ಮತ್ತೆ ಬೆಳೆಯುತ್ತದಂತೆ." ಬೆಳೆಯಬಹುದು, ಸುಳ್ಳಲ್ಲ. ಬರೀ ಮಾಂಸ ಕತ್ತರಿಸಿ ಹಾಗೇ ಬಿಟ್ಟರೆ ಮರಳಿ ಬರುವುದು ಹೆಚ್ಚು. ಅಮ್ಮನಿಗೆ ಮಾಡಿದಂತೆ ಆ ಜಾಗಕ್ಕೆ ಕಣ್ಣಿನದೇ ಪರೆ ಹಚ್ಚಿದರೆ ಬಹಳ ಕಡಿಮೆ. ವಯಸ್ಸು ಚಿಕ್ಕದಿದ್ದರೆ, ಬಿಸಿಲಿನಲ್ಲಿ ಮತ್ತೆ ಬರಿಗಣ್ಣಲ್ಲಿ ನಿಂತರೆ ಸಾಧ್ಯತೆ ಜಾಸ್ತಿ. ಆದ್ದರಿಂದ ಆಪರೇಷನ್‌ಗೆ ಒಪ್ಪುವ ಮೊದಲು "ಪರೆ ಹಚ್ಚುತ್ತೀರಾ?" ಎಂದು ಕೇಳುವ ಹಕ್ಕು ನಿಮಗಿದೆ. ಎಮ್ಮೆ ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನೀವು ಕಣ್ಣಿಗಾಗಿ ಒಂದು ಕೇಳಿ.

ಮಾಂಸ ಕಂಡವರೆಲ್ಲ ಆಪರೇಷನ್ ಮಾಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಚಿಕ್ಕದಿದ್ದು ನೋಟಕ್ಕೆ ತೊಂದರೆ ಕೊಡದಿದ್ದರೆ ಎಷ್ಟೋ ಸಲ ತೇವದ ಹನಿ, ಟೋಪಿ, ಕನ್ನಡಕ ಸಾಕು ಎಂದು ಡಾಕ್ಟರೇ ಹೇಳುತ್ತಾರೆ. ಆದರೆ ಅದನ್ನು ನೋಡಿ ಹೇಳಬೇಕಾದವರು ಕಣ್ಣಿನ ಡಾಕ್ಟರು. ರಾಸಿನ ಡಾಕ್ಟರಾದ ನಾನೂ ಅಲ್ಲ, ಮೆಡಿಕಲ್ ಸ್ಟೋರಿನವರೂ ಅಲ್ಲ. ಕೆಂಪು ಇಳಿಯಲೆಂದು ಅಂಗಡಿಯಿಂದ ತಂದ ಸ್ಟೆರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ, ವಾಪಸು ಬಾರದಂತೆ ದೃಷ್ಟಿ ಹೋಗಬಹುದು. ಹಾಗೆಯೇ ಅಪರೂಪಕ್ಕೆ ಮನುಷ್ಯರ ಕಣ್ಣಿನ ಮಾಂಸವೂ ಕ್ಯಾನ್ಸರ್ ಆಗಿರುತ್ತದೆ. ಬೇಗ ಬೇಗ ಬೆಳೆದರೆ, ರಕ್ತ ಬಂದರೆ, ನೋಟ ಮಸುಕಾದರೆ ಕಾಯಲೇಬೇಡಿ.

ತಡ ಮಾಡುವುದು ಭಯದಿಂದಲ್ಲ

ನಾನು ಇಷ್ಟು ವರ್ಷ, ಹೆಂಗಸರು ಆಪರೇಷನ್‌ಗೆ ಹೆದರಿ ತಡ ಮಾಡುತ್ತಾರೆ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಸಿಕ್ಕ ಅಕ್ಕ ನನ್ನ ತಪ್ಪು ತಿದ್ದಿದರು. ಹಸುವಿನ ಆಪರೇಷನ್ ಮುಗಿಸಿ ಟೀ ಕುಡಿಯುವಾಗ ಮತ್ತೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ಭಯ ಏನಿಲ್ಲ ಡಾಕ್ಟ್ರಮ್ಮ. ಹದಿನೈದು ದಿನ ಧೂಳಿಗೆ ಹೋಗ್ಬೇಡ, ಒಲೆ ಹೊಗೆ ಕುಡೀಬೇಡ, ಸಗಣಿ ಮುಟ್ಬೇಡ ಅಂತಾರಂತೆ. ಆಮೇಲೆ ಹಾಲು ಕರಿಯೋರ್ಯಾರು? ಈ ಹಸು ನನ್ನ ಬಿಟ್ಟು ಇನ್ನೊಬ್ರಿಗೆ ಸೊರೆ ಬಿಡಲ್ಲ."

ನಿಜವಾದ ಅಡ್ಡಿ ಇದೇ. ಬಟವಾಡೆ ನಿಂತರೆ ಮನೆ ನಡೆಯುವುದಿಲ್ಲ. ಹಸುವಿಗೆ ಆಪರೇಷನ್ ಆದರೆ ಅದಕ್ಕೆ ನೆರಳು, ಮೇವು, ನೀರು ಎಲ್ಲ ನಿಂತ ಕಡೆಗೇ ಬರುತ್ತದೆ. ಹೆಂಗಸಿಗೆ ಆಪರೇಷನ್ ಆದರೆ ಅವಳ ಕೆಲಸ ಅವಳಿಗಾಗಿ ಕಾದು ಕೂತಿರುತ್ತದೆ. ಕಣ್ಣಿನ ಗಾಯ ಮಾಯುವ ಮೊದಲೇ ಕೊಟ್ಟಿಗೆಗೆ ಇಳಿದರೆ, ಸೋಂಕು ತಗುಲಿ ಆಪರೇಷನ್ ಕೆಟ್ಟು ಹೋಗುವ ಅಪಾಯವಿದೆ. ಆಗ ಬೈಸಿಕೊಳ್ಳುವವರು ಡಾಕ್ಟರು. ಆದರೆ ಆ ಹದಿನೈದು ದಿನ ಮನೆಯಲ್ಲಿ ಚೊಂಬು ಹಿಡಿಯಲು ಯಾರೂ ಏಳಲಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಹೆಂಗಸಿನ ಕಣ್ಣು ಅವಳೊಬ್ಬಳ ವಿಷಯವಲ್ಲ, ಸಂಘದ ವಿಷಯ. ಕೆಚ್ಚಲು ಬಾವಿನ ಮೊದಲ ಹೆಪ್ಪು ಕಾಣುವುದು ಅವಳ ಕಣ್ಣಿಗೆ. ಬೆದೆಯ ಲೋಳೆ ಕಾಣುವುದು ಅವಳ ಕಣ್ಣಿಗೆ. ಮೇವಿನಲ್ಲಿ ಸೇರಿದ ತಂತಿ ಚೂರು ಕಾಣುವುದೂ ಅವಳ ಕಣ್ಣಿಗೇ.

ಸಂಘ ಮಾಡಬಹುದಾದದ್ದು

ಮೊದಲನೆಯದು, ಮುಯ್ಯಾಳು. ನಾಟಿ, ಕುಯ್ಲಿಗೆ ನಮ್ಮಲ್ಲಿ ಮುಯ್ಯಿ ಇರಲಿಲ್ಲವೇ? ಹಾಲು ಕರೆಯುವುದಕ್ಕೂ ಇರಲಿ. ಒಬ್ಬರ ಕಣ್ಣಿನ ಆಪರೇಷನ್ ದಿನ ಗೊತ್ತಾದಾಗ ಅಕ್ಕಪಕ್ಕದ ಇಬ್ಬರು ಒಂದು ವಾರ ಮೊದಲೇ ಆ ಕೊಟ್ಟಿಗೆಗೆ ಹೋಗಿ ಯಜಮಾನಿಯ ಜೊತೆ ಕೂತು ಕರೆಯಲಿ. ಹಸು ಹೊಸ ಕೈಗೆ, ಹೊಸ ದನಿಗೆ ಒಗ್ಗಿಕೊಂಡು ಸೊರೆ ಬಿಡುತ್ತದೆ. ಮುಯ್ಯಿ ತೀರಿಸುವ ಸರದಿ ನಾಳೆ ಬರುತ್ತದೆ. ಮನೆಯ ಗಂಡಸರೂ ಮಕ್ಕಳೂ ಇದನ್ನು ಕಲಿತರೆ ಇನ್ನೂ ಒಳ್ಳೆಯದು. ಕೆಚ್ಚಲಿಗೆ ಹೆಣ್ಣು ಕೈ, ಗಂಡು ಕೈ ಎಂಬ ಭೇದವಿಲ್ಲ.

ಎರಡನೆಯದು, ನಾವು ಬರಡು ರಾಸುಗಳ ತಪಾಸಣಾ ಶಿಬಿರ ಮಾಡುವ ದಿನವೇ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದವರನ್ನೂ ಕರೆಸಲು ಸಂಘದ ಆಡಳಿತ ಮಂಡಳಿ ಒಂದು ಪತ್ರ ಬರೆಯಲಿ. ಹಸು ಹಿಡಿದುಕೊಂಡು ನೀವು ಹೇಗೂ ಬರುತ್ತೀರಿ. ಪಕ್ಕದ ಬೆಂಚಿನಲ್ಲಿ ಐದು ನಿಮಿಷ ಕೂತರೆ ಆಯಿತು. ಸಂಘದ ಸದಸ್ಯರಾಗಿ ಯಶಸ್ವಿನಿ ಕಾರ್ಡ್ ಮಾಡಿಸಿದ್ದರೆ ಆಸ್ಪತ್ರೆಗೆ ಅದನ್ನು ಜೊತೆಗೆ ಒಯ್ಯಿರಿ. ನಿಮ್ಮ ಆಪರೇಷನ್ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ಕೇಳಿ.

ಮೂರನೆಯದು, ದಿನದ ಅಭ್ಯಾಸ. ಮೇವು ಕುಯ್ಯಲು ಬಿಸಿಲಿಗೆ ಹೋಗುವಾಗ ಅಂಚು ಅಗಲವಾದ ಟೋಪಿ ಹಾಕಿ, ಇಲ್ಲವೇ ಸೆರಗನ್ನು ಹಣೆಯ ಮುಂದೆ ಎಳೆದುಕೊಳ್ಳಿ. ಬಿಸಿಲಿನ ಕನ್ನಡಕ ಹಾಕಿದರೆ ಊರಿನವರು ನಗುತ್ತಾರೆ ಎನ್ನುತ್ತೀರಿ. ನಾಲ್ಕು ದಿನ ನಗಲಿ. ಬಿಳಿಮುಖದ ಹಸುವನ್ನು ನಡುಮಧ್ಯಾಹ್ನ ಬಯಲಲ್ಲಿ ಕಟ್ಟದೆ ನೆರಳಿಗೆ ಕಟ್ಟಿ. ತಿಂಗಳಿಗೊಮ್ಮೆ, ಒಂದು ಬಟವಾಡೆಯ ದಿನ ಎಂದು ನೆನಪಿಟ್ಟುಕೊಂಡು, ಬೆಳಕಿನಲ್ಲಿ ನಿಲ್ಲಿಸಿ ಹಸುವಿನ ಎರಡೂ ಕಣ್ಣು ನೋಡಿ. ಏನಾದರೂ ಕಂಡರೆ ಸಂಘದ ಕಾರ್ಯದರ್ಶಿಗೆ ತಿಳಿಸಿ, ಅಥವಾ 1962ಕ್ಕೆ ಫೋನ್ ಮಾಡಿ. ಆಮೇಲೆ ಕನ್ನಡಿಯ ಮುಂದೆ ನಿಂತು ನಿಮ್ಮವನ್ನೂ ನೋಡಿಕೊಳ್ಳಿ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರ್ ಓದಿ, ಆಮೇಲೆ ಬದಲಿಸಿ ಓದಿ. ಎರಡು ಕಣ್ಣಿನ ನೋಟದಲ್ಲಿ ವ್ಯತ್ಯಾಸ ಕಂಡರೆ ಆ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಆ ಅಕ್ಕನ ಹಸುವಿನ ಕಣ್ಣು ಈಗ ವಾಸಿಯಾಗಿದೆ. ಅಕ್ಕನ ಆಪರೇಷನ್ ಬರುವ ತಿಂಗಳು. ಪಕ್ಕದ ಮನೆಯ ಇಬ್ಬರು ಹಾಲು ಕರೆಯಲು ಒಪ್ಪಿದ್ದಾರೆ. ಹಸು ಮೊದಲೆರಡು ದಿನ ಹಾಲು ಬಿಗಿಹಿಡಿಯಿತಂತೆ, ಮೂರನೆಯ ದಿನ ಬಿಟ್ಟಿತಂತೆ. ಮಾಂಸ ಪಾಪೆಗೆ ಇನ್ನೂ ಹೋಗಿಲ್ಲ, ಒಳ್ಳೆಯ ಸಮಯಕ್ಕೆ ಬಂದಿದ್ದೀರಿ ಎಂದು ಕಣ್ಣಿನ ಡಾಕ್ಟರು ಅವರಿಗೆ ಹೇಳಿದ್ದಾರೆ. ನನ್ನ ಅಮ್ಮನಿಗೆ ಆ ಮಾತು ಕೇಳುವ ಭಾಗ್ಯ ಇರಲಿಲ್ಲ. ನಿಮಗೆ ಇನ್ನೂ ಇರಬಹುದು.

ಮುಂದಿನ ಸಲ ನಾನು ನಿಮ್ಮೂರಿಗೆ ಬಂದಾಗ ಹಸುವಿನ ಕಣ್ಣು ತೋರಿಸಿ. "ನಿಮ್ಮದು?" ಎಂದು ನಾನು ಕೇಳಿಯೇ ಕೇಳುತ್ತೇನೆ. ಆಗ "ನಂದೇನು ಬಿಡಿ" ಎನ್ನಬೇಡಿ.